ಹಾಲು ಸರಿಯಾದರೂ ಸೂಜಿ ಬೇಕು, ಮಗಳಿಗೆ ಮಾತ್ರೆಯೂ

ಕಳೆದ ಮಳೆಗಾಲದಲ್ಲಿ ಹೆಗ್ಗೋಡು ಕಡೆಯ ಒಂದು ಮನೆಗೆ ಕೆಚ್ಚಲು ಬಾವಿನ ಹಸು ನೋಡಲು ಹೋಗಿದ್ದೆ. ಎರಡು ದಿನ ಇಂಜೆಕ್ಷನ್ ಆಗಿತ್ತು, ಹಾಲಿನಲ್ಲಿ ಗಂಟು ಬರುವುದು ನಿಂತಿತ್ತು. "ಹಾಲು ಸರಿ ಆಯ್ತಲ್ಲ ಮೇಡಂ, ಇನ್ನು ಸೂಜಿ ಸಾಕಲ್ವಾ?" ಎಂದರು ಮನೆಯಾಕೆ. ಸಾಲದು, ಹಾಲು ಚೆನ್ನಾಗಿ ಕಂಡರೂ ಒಳಗೆ ಬಾವು ಉಳಿದಿರುತ್ತದೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಮಗಳ ಮಾತ್ರೆನೂ ನಿಲ್ಲಿಸಬಾರದಿತ್ತಾ?" ಎಂದು ಕೇಳಿದರು.

ಮಗಳಿಗೆ ಹನ್ನೊಂದು ವರ್ಷ. ಅಲ್ಸರೇಟಿವ್ ಕೊಲೈಟಿಸ್. ನಾಲ್ಕು ತಿಂಗಳು ರಕ್ತ ಕಾಣಲಿಲ್ಲವೆಂದು ಮಾತ್ರೆ ಬಿಡಿಸಿದ್ದರು. ಮತ್ತೆ ರಕ್ತ ಶುರುವಾಗಿ ಮೂರು ವಾರವಾದರೂ ಹುಡುಗಿ ನಾಚಿಕೆಯಿಂದ ಹೇಳಿರಲಿಲ್ಲ.

ನಾನು ದನದ ಡಾಕ್ಟರ್, ಮಕ್ಕಳಿಗೆ ಔಷಧಿ ಹೇಳುವವಳಲ್ಲ. ಮರುದಿನವೇ ಅವರ ವೈದ್ಯರ ಬಳಿ ಕಳಿಸಿದೆ. "ಹೆಸರು ಹಾಕ್ಬೇಡಿ, ವಿಷಯ ಬರೀರಿ" ಎಂದು ಆಕೆಯೇ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಇದು ದೊಡ್ಡ ಕರುಳಿನ ಒಳಪದರದಲ್ಲಿ ಬಾವು, ಹುಣ್ಣು ಆಗುವ ಕಾಯಿಲೆ. ಕೆಚ್ಚಲು ಬಾವಿನಂತೆ ರೋಗಾಣುವಿನಿಂದ ಬರುವುದಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಆಮಶಂಕೆ ಎಂದು ಮನೆಮದ್ದು ಮಾಡುತ್ತಾ ತಿಂಗಳುಗಟ್ಟಲೆ ಕಳೆಯುವವರು ಬಹಳ. ಎರಡು ವಾರ ದಾಟಿಯೂ ಮಲದಲ್ಲಿ ರಕ್ತ ಹೋಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು.

ಹೆಚ್ಚಾಗಿ ಕೊಡುವುದು ಮೆಸಲಮಿನ್. ಇದರ ಮಾತ್ರೆಯ ಹೊರಪದರ ಕರುಳಿಗೆ ಹೋದ ಮೇಲೆ ಕರಗುವಂತೆ ಮಾಡಿರುತ್ತಾರೆ. ಮಗು ನುಂಗುವುದಿಲ್ಲವೆಂದು ಕುಟ್ಟಿ ಬೆಲ್ಲದಲ್ಲಿ ಕೊಟ್ಟರೆ ಔಷಧಿ ಬೇಕಾದ ಜಾಗ ಮುಟ್ಟುವುದಿಲ್ಲ. ನುಂಗಲು ಆಗದಿದ್ದರೆ ವೈದ್ಯರಿಗೆ ಹೇಳಿ, ಹರಳಿನ ರೂಪದ ಪೊಟ್ಟಣವೂ ಸಿಗುತ್ತದೆ. ಸ್ಟೀರಾಯ್ಡ್ ಕೊಟ್ಟಿದ್ದರೆ ಇನ್ನೂ ಹುಷಾರು. ಹೊರಗಿನಿಂದ ಬರುವುದನ್ನು ನಂಬಿ ದೇಹ ತನ್ನದೇ ತಯಾರಿಕೆ ಕಡಿಮೆ ಮಾಡಿರುತ್ತದೆ. ಮುಖ ದಪ್ಪಗಾಯಿತು, ಹಸಿವು ಜಾಸ್ತಿಯಾಯಿತು ಎಂದು ಹೆದರಿ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ವೈದ್ಯರು ಹೇಳಿದ ಲೆಕ್ಕದಲ್ಲಿ ಇಳಿಸುತ್ತಾ ಬರಬೇಕು. ಅಜಾಥಯೋಪ್ರಿನ್ ಇದ್ದರೆ ರಕ್ತ ಪರೀಕ್ಷೆಯ ದಿನ ತಪ್ಪಿಸುವಂತಿಲ್ಲ. ಅದು ಬಿಳಿ ರಕ್ತಕಣ ಇಳಿಸಬಹುದು, ಯಕೃತ್ತಿಗೂ ತೊಂದರೆ ಮಾಡಬಹುದು. ಮೊದಲ ವಾರಗಳಲ್ಲಿ ಪದೇಪದೇ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸುತ್ತಾರೆ.

ಹಸು ಬೆದೆಗೆ ಬಂದ ದಿನ, ಇನ್ಸೆಮಿನೇಷನ್ ಮಾಡಿಸಿದ ದಿನ, ಗಬ್ಬದ ಲೆಕ್ಕ ಎಲ್ಲವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕುವವರು ನೀವು. ಮಗಳಿಗೂ ಒಂದು ಪುಸ್ತಕ ಇಡಿ ಎಂದೆ. ವೈದ್ಯರು ಕೇಳುವುದೂ ಅದನ್ನೇ: ಹೊಟ್ಟೆನೋವು ಇದೆಯೇ, ರಕ್ತ ಎಷ್ಟು, ಮಲ ಗಟ್ಟಿಯೋ ನೀರೋ, ದಿನಕ್ಕೆ ಎಷ್ಟು ಸಲ, ರಾತ್ರಿ ಎದ್ದು ಹೋಗುತ್ತಾಳೆಯೇ, ಆಟಪಾಠ ಮಾಮೂಲಿನಂತಿದೆಯೇ. ಈ ಆರು ಪ್ರಶ್ನೆಗಳಿಗೆ ಅಂಕ ಕೊಟ್ಟು ಕೂಡಿಸುವ ಪದ್ಧತಿಯೇ ಇದೆ. 10ಕ್ಕಿಂತ ಕಡಿಮೆಯಾದರೆ ಕಾಯಿಲೆ ಹತೋಟಿಯಲ್ಲಿದೆ, 65 ಅಥವಾ ಅದಕ್ಕಿಂತ ಹೆಚ್ಚಾದರೆ ಆಸ್ಪತ್ರೆಗೆ ಸೇರಿಸುವಷ್ಟು ಜೋರು. ತಿಂಗಳಿಗೊಮ್ಮೆ ತೂಕ, ಎತ್ತರವನ್ನೂ ಬರೆಯಿರಿ. ಬೆಳವಣಿಗೆ ನಿಂತರೆ ಅದೂ ಒಂದು ಲಕ್ಷಣ. ಪದೇಪದೇ ರಕ್ತಭೇದಿಯ ಜೊತೆ ಜ್ವರ ಬಂದರೆ ಅಥವಾ ಹೊಟ್ಟೆ ಉಬ್ಬಿದರೆ ಬೆಳಗಾಗಲಿ ಎಂದು ಕಾಯಬೇಡಿ.

"ಹಾಲು ಕೊಡಬಹುದಾ?" ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಬಂದೇ ಬರುತ್ತದೆ. ಈ ಕಾಯಿಲೆ ಹಾಲಿನಿಂದ ಬರುವುದಲ್ಲ. ಕಾಯಿಲೆ ಜೋರಿದ್ದಾಗ ಕೆಲವು ಮಕ್ಕಳಿಗೆ ಹಾಲು ಜೀರ್ಣವಾಗುವುದಿಲ್ಲ, ಮೊಸರು ಹಿಡಿಸಬಹುದು. ಸ್ಟೀರಾಯ್ಡ್ ಮೂಳೆ ಸವೆಸುವುದರಿಂದ ಕ್ಯಾಲ್ಸಿಯಂ ಬೇಕು, ಸುಮ್ಮನೆ ಹಾಲು ಬಿಡಿಸಬೇಡಿ. ಆದರೆ ಕಾಯಿಸದ ಹಾಲು ಬೇಡವೇ ಬೇಡ. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವ ಮಗು ಕಂದು ಹಾಕಿದ ಹಸುವಿನ ಸತ್ತೆ ಎತ್ತುವುದು, ಹುಳುಕಡ್ಡಿಯ ಕರು ಮುಟ್ಟುವುದೂ ಕೂಡದು. ಇದನ್ನು ಮಾತ್ರ ನಾನು ನನ್ನ ಅಧಿಕಾರದಲ್ಲೇ ಹೇಳುತ್ತೇನೆ.

ಇನ್ನೊಂದು, ನಮ್ಮ ಸೀಮೆಯದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2018-19ರಲ್ಲಿ ಸಾಗರದ ಅರಳಗೋಡಿನಲ್ಲಿ ಎಷ್ಟು ಕಾಡಿತೆಂದು ನಿಮಗೆ ಗೊತ್ತು. ಬೇಸಿಗೆಯಲ್ಲಿ ಇಂಥ ಮಗುವನ್ನು ದರಗಿಗೆ ಕಳಿಸಬೇಡಿ, ಜ್ವರ ಬಂದರೆ ಆ ದಿನವೇ ತೋರಿಸಿ, ಯಾವ ಔಷಧಿಯಲ್ಲಿದ್ದಾಳೆಂದು ಚೀಟಿ ತೋರಿಸಿ ಹೇಳಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳು ಕರುಳನ್ನು ಕೆರಳಿಸಬಹುದು, ಅಂಗಡಿಯಿಂದ ತಂದು ಕೊಡಬೇಡಿ.

ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆ. ಕೇಳದೆಯೇ ಶೌಚಾಲಯಕ್ಕೆ ಎದ್ದು ಹೋಗಲು ಟೀಚರ್ ಒಪ್ಪಿದ್ದಾರೆ. ಪುಸ್ತಕ ಅವಳೇ ಬರೆಯುತ್ತಾಳಂತೆ, ಅಮ್ಮನಿಗೆ ಬಾಯಿಬಿಟ್ಟು ಹೇಳುವುದಕ್ಕಿಂತ ಅದೇ ಸುಲಭವಂತೆ. ಹೋದ ವಾರ ನಾನು ಹೋದಾಗ ಕ್ಯಾಲೆಂಡರಿನಲ್ಲಿ ಹಸುವಿನ ಗಬ್ಬ ಪರೀಕ್ಷೆಯ ತಾರೀಖಿನ ಕೆಳಗೇ ಅವಳ ರಕ್ತ ಪರೀಕ್ಷೆಯ ತಾರೀಖಿಗೂ ಕೆಂಪು ಗುರುತು ಬಿದ್ದಿತ್ತು.