ಕಿಟಕಿಯೂ ಬಿಸಿಲೂ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಬೇಸಗೆಯ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುವುದು ಅಪರೂಪವಲ್ಲ. ಹಳೆಯ ಮಾಳಿಗೆ ಮನೆಗಳನ್ನು ಕಟ್ಟಿದವರು ಇದನ್ನು ಬಲ್ಲವರಾಗಿದ್ದರು. ಕಲ್ಲು ಮಣ್ಣುಗಳ ದಪ್ಪ ಗೋಡೆ, ಅದರ ಆಳದಲ್ಲಿ ಚಿಕ್ಕ ಕಿಟಕಿ, ಅದಕ್ಕೆ ಮರದ ಕದ. ಈಗ ಅದನ್ನು ಕೀಳಿಸಿ, ಅಲ್ಯೂಮಿನಿಯಂ ಚೌಕಟ್ಟಿನ ಅಗಲವಾದ ಗಾಜನ್ನು ಕೂಡಿಸುವವರುಂಟು. ಬೆಳಕೇನೋ ಹೆಚ್ಚುತ್ತದೆ, ಅದರೊಡನೆ ಸೆಕೆಯೂ ವಿದ್ಯುತ್ತಿನ ಬಿಲ್ಲೂ ಹೆಚ್ಚುತ್ತವೆ. ಹಾಗಾದರೆ ಎಂತಹ ಕಿಟಕಿಯನ್ನು ಆರಿಸಬೇಕು?

ಗಾಜು ಬಿಸಿಲನ್ನು ಸುಲಭವಾಗಿ ಒಳಬಿಡುತ್ತದೆ. ಆ ಬಿಸಿಲಿನಿಂದ ಕಾದ ನೆಲ, ಗೋಡೆಗಳು ಹೊರಸೂಸುವ ದೀರ್ಘ ತರಂಗಗಳನ್ನು ಮಾತ್ರ ಹೊರಹೋಗಗೊಡುವುದಿಲ್ಲ. ಆದುದರಿಂದಲೇ ಒಳಗಿನ ಪರದೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಶಾಖವು ಆಗಲೇ ಮನೆಯನ್ನು ಹೊಕ್ಕಿರುತ್ತದೆ.

ಎರಡು ಪದರದ ಗಾಜು ಹಾಕಿಸಿದರೆ ಹೇಗೆ? ಲೆಕ್ಕ ಮಾಡಿ ನೋಡೋಣ. ಒಂದು ಚದರ ಮೀಟರ್ ವಿಸ್ತಾರದ ಪಡುವಣ ಕಿಟಕಿಯ ಮೇಲೆ ಸಂಜೆ ನಾಲ್ಕಕ್ಕೆ 500 ವ್ಯಾಟ್ ಬಿಸಿಲು ಬೀಳುತ್ತದೆಂದು ಇಟ್ಟುಕೊಳ್ಳೋಣ. ಒಂಟಿ ಗಾಜು ಅದರಲ್ಲಿ ಸುಮಾರು 400 ವ್ಯಾಟನ್ನು ಒಳಬಿಡುತ್ತದೆ. ಹೊರಗೆ 40, ಒಳಗೆ 32 ಡಿಗ್ರಿ ಇದ್ದರೆ, ಉಷ್ಣತೆಯ ಅಂತರದಿಂದ ಬರುವ ಶಾಖ ಸುಮಾರು 46 ವ್ಯಾಟ್ ಮಾತ್ರ. ಜೋಡಿ ಗಾಜು ಈ 46ನ್ನು 22ಕ್ಕೆ ಇಳಿಸೀತು. ಬಿಸಿಲಿನ 400ನ್ನು 350ಕ್ಕೆ ತಂದೀತು. ಚಳಿನಾಡುಗಳಲ್ಲಿ ಮನೆಯೊಳಗಿನ ಬಿಸುಪನ್ನು ಉಳಿಸಲು ಹುಟ್ಟಿದ ಉಪಾಯವಿದು. ನಮಗೆ ಬೇಕಾದುದು ಬಿಸಿಲನ್ನು ಗಾಜಿನ ಹೊರಗೇ ತಡೆಯುವ ಉಪಾಯ.

ಸೂರ್ಯನ ದಾರಿಯನ್ನು ಅರಿತರೆ ಇದು ಕಷ್ಟವಲ್ಲ. ಈ ಊರುಗಳು ಸುಮಾರು 16ರಿಂದ 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಮೊದಲ ಹತ್ತು ದಿನಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ಇರುವನು. ಆಗ ತೆಂಕಣ, ಬಡಗಣ ಕಿಟಕಿಗಳಿಗೆ ಗಿಡ್ಡ ಸಜ್ಜವೇ ಸಾಕು. ಆದರೆ ಪಡುವಣ ಬಿಸಿಲು ಓರೆಯಾಗಿ ಸಜ್ಜದ ಕೆಳಗಿನಿಂದ ನುಸುಳುತ್ತದೆ. ಅಲ್ಲಿ ಕಿಟಕಿ ಚಿಕ್ಕದಾಗಿರಲಿ. ಹೊರಗೆ ಮರದ ಕದವೋ, ಜೋಳದ ದಂಟಿನ ತಟ್ಟಿಯೋ, ಬೇವಿನ ಮರದ ನೆರಳೋ ಇರಲಿ. ಇವಾವುವೂ ಸಾಧ್ಯವಿಲ್ಲದಲ್ಲಿ, ಶಾಖಕಿರಣಗಳನ್ನು ಹಿಂದಕ್ಕೆ ಕಳುಹಿಸುವ ಲೋಹಲೇಪದ ಗಾಜನ್ನು ಆರಿಸಬಹುದು. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಾಲಿಗೂ ಮಿಗಿಲಾಗಿ ಶಾಖವನ್ನು ಒಯ್ಯುತ್ತದೆಂಬುದನ್ನು ಚೌಕಟ್ಟನ್ನು ಕೊಳ್ಳುವಾಗ ಮರೆಯಬಾರದು.

ಗಾಳಿಯ ಮಾತೂ ಒಂದುಂಟು. ಕಾದ ಗೋಡೆ ಆರಬೇಕಾದರೆ ರಾತ್ರಿಯ ತಂಗಾಳಿ ಒಳಗೆ ಹರಿದಾಡಬೇಕು. ಭಾರತ ಸರ್ಕಾರವು 2018ರಲ್ಲಿ ವಸತಿ ಕಟ್ಟಡಗಳಿಗಾಗಿ ಹೊರತಂದ ಇಕೋ ನಿವಾಸ್ ಸಂಹಿತೆಯಂತೆ, ಉಷ್ಣವೂ ಶುಷ್ಕವೂ ಆದ ಪ್ರದೇಶಗಳಲ್ಲಿ ತೆರೆಯಬಲ್ಲ ಭಾಗವು ನೆಲದ ವಿಸ್ತೀರ್ಣದ ಶೇಕಡಾ 10ರಷ್ಟಾದರೂ ಇರಬೇಕು. ಪಕ್ಕಕ್ಕೆ ಸರಿಸುವ ಎರಡು ಹಲಗೆಯ ಕಿಟಕಿ ತೆರೆಯುವುದು ಅರ್ಧ ಮಾತ್ರ. ಕೀಲುಕದದ ಕಿಟಕಿ ಹೆಚ್ಚುಕಡಿಮೆ ಪೂರ್ತಿ ತೆರೆಯುತ್ತದೆ.

ನಿಮ್ಮ ಮನೆಯಲ್ಲಿ ಕಿಟಕಿ ಬದಲಿಸುವ ಮಾತು ಬಂದರೆ, ಬೆಲೆ ಕೇಳುವುದಕ್ಕೆ ಮುಂಚೆ ಒಂದು ದಿನ ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಿ. ಯಾವ ಕಿಟಕಿಗೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬಿಸಿಲು ಬೀಳುತ್ತದೆಂದು ಬರೆದಿಡಿ. ಹಣವನ್ನು ನೆರಳಿಗೆ ಎಲ್ಲಿ ಹಾಕಬೇಕು, ಗಾಜಿಗೆ ಎಲ್ಲಿ ಹಾಕಬೇಕು ಎಂಬುದನ್ನು ಆ ಕಾಗದವೇ ಹೇಳುವುದು.