ಮಕ್ಕಳ ‘ಕ್ಷಣ ಮೂರ್ಛೆ’: ಹೆತ್ತವರು ಅರಿತಿರಬೇಕಾದ ಸಂಗತಿಗಳು

ಮೂರ್ಛೆರೋಗವೆಂದೊಡನೆ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ನೆಲಕ್ಕೆ ಬೀಳುವ ಚಿತ್ರವೇ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುತ್ತದೆ. ಆದರೆ ಮಗು ಬೀಳದೆ, ಕೂಗದೆ, ಕುಳಿತಲ್ಲೇ ಕೆಲವು ಸೆಕೆಂಡು ಎಚ್ಚರ ತಪ್ಪುವ ಬಗೆಯೊಂದು ಉಂಟು. ವೈದ್ಯರು ಇದನ್ನು ‘ಆಬ್ಸೆನ್ಸ್’ ಮೂರ್ಛೆ ಎನ್ನುತ್ತಾರೆ; ಹಿಂದೆ ‘ಪೆಟಿ ಮಾಲ್’ ಎನ್ನುತ್ತಿದ್ದರು. ನೋಡುವವರಿಗೆ ಇದು ರೋಗವೆಂದೇ ತೋರದು. ಹಾಗಾಗಿ ‘ಗಮನವಿಲ್ಲದವನು’, ‘ಮಂಕು’ ಎಂದು ಬೈಸಿಕೊಳ್ಳುತ್ತ ಚಿಕಿತ್ಸೆಯಿಲ್ಲದೆ ಉಳಿಯುವ ಮಕ್ಕಳಿದ್ದಾರೆ. ಸಕಾಲದಲ್ಲಿ ಗುರುತಿಸಿದರೆ ಹೆಚ್ಚಿನ ಮಕ್ಕಳಲ್ಲಿ ಇದನ್ನು ಹತೋಟಿಗೆ ತರಬಹುದು.

ಗುರುತಿಸುವುದು ಹೇಗೆ?

ಸಾಮಾನ್ಯವಾಗಿ 4ರಿಂದ 10 ವರ್ಷದೊಳಗಿನ ಮಕ್ಕಳಲ್ಲಿ ಇದು ಮೊದಲು ಕಾಣಿಸುತ್ತದೆ. ಮಾತನಾಡುತ್ತಿದ್ದ ಮಗು ಮಾತಿನ ನಡುವೆಯೇ ನಿಲ್ಲುತ್ತದೆ. ಊಟದ ತುತ್ತು ಕೈಯಲ್ಲೇ ಉಳಿಯುತ್ತದೆ. ನೋಟ ಶೂನ್ಯವಾಗುತ್ತದೆ, ರೆಪ್ಪೆ ಅದುರಬಹುದು, ತುಟಿ ಚಪ್ಪರಿಸಬಹುದು, ಬೆರಳುಗಳು ಬಟ್ಟೆಯನ್ನು ತಡಕಾಡಬಹುದು. ಸುಮಾರು 5ರಿಂದ 20 ಸೆಕೆಂಡಿನಲ್ಲಿ ಎಲ್ಲ ಮುಗಿದು, ಏನೂ ಆಗಿಲ್ಲವೆಂಬಂತೆ ಮಗು ಬಿಟ್ಟ ಕೆಲಸವನ್ನು ಮುಂದುವರಿಸುತ್ತದೆ. ನಡೆದದ್ದರ ಅರಿವು ಅದಕ್ಕಿರುವುದಿಲ್ಲ. ದಿನಕ್ಕೆ ಹತ್ತಾರು ಬಾರಿ, ಕೆಲವರಲ್ಲಿ ನೂರಕ್ಕೂ ಹೆಚ್ಚು ಬಾರಿ ಹೀಗಾಗಬಹುದು. ಉಕ್ತಲೇಖನದಲ್ಲಿ ನಡುನಡುವೆ ಪದಗಳು ಬಿಟ್ಟುಹೋಗುವುದೂ, ಮಗ್ಗಿ ಹೇಳುವಾಗ ಸಾಲು ತಪ್ಪುವುದೂ ಇದರ ಸುಳಿವಾಗಿರಬಹುದು.

ಹಗಲುಗನಸಿಗೂ ಇದಕ್ಕೂ ವ್ಯತ್ಯಾಸವಿದೆ. ಹಗಲುಗನಸು ಬೇಸರದ ಹೊತ್ತಿನಲ್ಲಿ ಬರುತ್ತದೆ. ಭುಜ ಮುಟ್ಟಿ ಕರೆದರೆ ಮಗು ತಿರುಗುತ್ತದೆ. ಕ್ಷಣ ಮೂರ್ಛೆ ಆಟದ ನಡುವೆಯೂ ಬರುತ್ತದೆ; ಮುಟ್ಟಿ ಕರೆದರೂ ಮಗು ಓಗೊಡುವುದಿಲ್ಲ.

ಕಾರಣವೇನು?

ಮೆದುಳಿನ ಹೊರಪದರಕ್ಕೂ ಒಳಗಿನ ಥಾಲಮಸ್ ಎಂಬ ಭಾಗಕ್ಕೂ ನಡುವೆ ಸಾಗುವ ವಿದ್ಯುತ್ ಸಂಕೇತಗಳು ಕೆಲವು ಸೆಕೆಂಡು ಒಂದೇ ತಾಳಕ್ಕೆ ಬೀಳುವುದರಿಂದ ಹೀಗಾಗುತ್ತದೆ. ಆನುವಂಶಿಕ ಅಂಶವೂ ಉಂಟು. ಇದು ಅಂಟುರೋಗವಲ್ಲ, ದೆವ್ವದ ಕಾಟವಲ್ಲ, ಹೆತ್ತವರ ಪಾಪದ ಫಲವೂ ಅಲ್ಲ.

ಪತ್ತೆ ಮಾಡುವ ಕ್ರಮ

ವೈದ್ಯರು ಮಗುವಿಗೆ ಸುಮಾರು 3 ನಿಮಿಷ ದೀರ್ಘವಾಗಿ, ಬೇಗಬೇಗ ಉಸಿರಾಡಲು ಹೇಳುತ್ತಾರೆ. ಚಿಕಿತ್ಸೆ ಪಡೆಯದ ಮಕ್ಕಳಲ್ಲಿ ಹೆಚ್ಚಿನವರಿಗೆ ಆಗ ಅಲ್ಲಿಯೇ ಮೂರ್ಛೆ ಬರುತ್ತದೆ. ತಲೆಗೆ ತಂತಿಗಳನ್ನು ಅಂಟಿಸಿ ಮಾಡುವ ಇ.ಇ.ಜಿ. ಪರೀಕ್ಷೆಯಿಂದ ನೋವಿಲ್ಲ. ಇದರಲ್ಲಿ ಸೆಕೆಂಡಿಗೆ 3ರಂತೆ ಏಳುವ ಅಲೆಗಳು ಕಂಡುಬರುತ್ತವೆ. ಅಮೆರಿಕದ ಗಿಬ್ಸ್, ಡೇವಿಸ್, ಲೆನಾಕ್ಸ್ ಎಂಬ ವಿಜ್ಞಾನಿಗಳು 1935ರಲ್ಲೇ ಇದನ್ನು ವರ್ಣಿಸಿದ್ದರು. ಮನೆಯಲ್ಲಿ ಮೂರ್ಛೆ ಬಂದಾಗ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ ತೋರಿಸಿದರೆ ವೈದ್ಯರಿಗೆ ಬಹಳ ಅನುಕೂಲ. ಮಕ್ಕಳ ತಜ್ಞರು, ನರರೋಗ ತಜ್ಞರು ಹಾಗೂ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಂಸ್ಥೆಗಳಲ್ಲಿ ಸಲಹೆ ದೊರೆಯುತ್ತದೆ.

ಔಷಧ

ಎಥೊಸಕ್ಸಿಮೈಡ್, ವಾಲ್‌ಪ್ರೊಯೇಟ್, ಲ್ಯಾಮೊಟ್ರಿಜಿನ್ ಎಂಬ ಮೂರು ಔಷಧಗಳು ಮುಖ್ಯವಾದವು. 2010ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ಮೊದಲೆರಡು ಔಷಧಗಳು ಮೂರನೆಯದಕ್ಕಿಂತ ಹೆಚ್ಚು ಫಲ ನೀಡಿದವು. ಗಮನಶಕ್ತಿಯ ತೊಂದರೆ ವಾಲ್‌ಪ್ರೊಯೇಟ್‌ಗಿಂತ ಎಥೊಸಕ್ಸಿಮೈಡ್‌ನಲ್ಲಿ ಕಡಮೆಯಿತ್ತು. ವಾಲ್‌ಪ್ರೊಯೇಟ್ ಮುಂದೆ ಗರ್ಭಿಣಿಯಾದಾಗ ಭ್ರೂಣಕ್ಕೆ ಹಾನಿ ಮಾಡಬಲ್ಲದಾದ್ದರಿಂದ ಹೆಣ್ಣುಮಕ್ಕಳ ವಿಷಯದಲ್ಲಿ ವೈದ್ಯರೊಡನೆ ಈ ಮಾತನ್ನು ಅವಶ್ಯ ಪ್ರಸ್ತಾಪಿಸಬೇಕು. ಔಷಧ ಶುರುವಾದ ಮೇಲೆ ಮೈಮೇಲೆ ಗುಳ್ಳೆ, ಬಿಡದ ವಾಂತಿ, ವಿಪರೀತ ಮಂಪರು, ಕಾಮಾಲೆ ಕಂಡರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಇನ್ನೊಂದು ಎಚ್ಚರಿಕೆ: ಬೇರೆ ಬಗೆಯ ಮೂರ್ಛೆಗೆ ಉಪಯೋಗವಾಗುವ ಕಾರ್ಬಮಜೆಪಿನ್, ಫೆನಿಟಾಯಿನ್ ಮಾತ್ರೆಗಳು ಇದನ್ನು ಹೆಚ್ಚಿಸಬಲ್ಲವು. ಆದುದರಿಂದ ನೆರೆಮನೆಯವರಿಗೆ ಗುಣವಾಯಿತೆಂದು ಅವರ ಮಾತ್ರೆಯನ್ನು ಎಂದಿಗೂ ಕೊಡಕೂಡದು.

ಮೂರ್ಛೆ ನಿಂತಿತೆಂದು ಔಷಧ ನಿಲ್ಲಿಸಕೂಡದು. ಕೊಳೆರೋಗ ಕಾಣಲಿಲ್ಲವೆಂದು ಎರಡನೇ ಬೋರ್ಡೋ ಸಿಂಪಡಣೆಯನ್ನು ಕೈಬಿಡುವ ಅಡಿಕೆ ಬೆಳೆಗಾರನಿಗೆ ಆಗುವ ಗತಿಯೇ ಇಲ್ಲಿಯೂ ಆದೀತು. ಸಾಮಾನ್ಯವಾಗಿ ಸುಮಾರು 2 ವರ್ಷ ಮೂರ್ಛೆಯಿಲ್ಲದೆ ಕಳೆದ ಬಳಿಕ ವೈದ್ಯರೇ ಹಂತಹಂತವಾಗಿ ಇಳಿಸುತ್ತಾರೆ. ಮಳೆಗಾಲದಲ್ಲಿ ರಸ್ತೆ ಕಡಿದು ಪೇಟೆಗೆ ಹೋಗಲಾಗದ ದಿನಗಳು ನಮಗೆ ಹೊಸತಲ್ಲ. ಜೂನ್ ಬರುವುದಕ್ಕೆ ಮೊದಲೇ ವೈದ್ಯರ ಚೀಟಿ ಪಡೆದು ಸಾಕಷ್ಟು ಔಷಧವನ್ನು ಮನೆಯಲ್ಲಿರಿಸಿಕೊಳ್ಳಬೇಕು.

ಮನೆಯಲ್ಲಿ, ತೋಟದಲ್ಲಿ, ಶಾಲೆಯಲ್ಲಿ

1. ಮೂರ್ಛೆ ಬಂದಾಗ ಮಗುವನ್ನು ಅಲುಗಾಡಿಸುವುದು, ಮುಖಕ್ಕೆ ನೀರೆರಚುವುದು ಬೇಡ. ಪಕ್ಕದಲ್ಲಿ ನಿಂತು ಕಾಯ್ದರೆ ಸಾಕು.

2. ಹತೋಟಿಗೆ ಬರುವವರೆಗೆ ಮಗು ಒಂಟಿಯಾಗಿ ಕೆರೆ, ಹೊಳೆಗಳಲ್ಲಿ ಈಜಬಾರದು. ಕಾಲುಸಂಕ ದಾಟುವಾಗ ದೊಡ್ಡವರು ಕೈಹಿಡಿದಿರಬೇಕು. ಮರ ಹತ್ತುವುದು, ಅಡಿಕೆ ಬೇಯಿಸುವ ಹಂಡೆಯ ಬಳಿ, ಓಡುತ್ತಿರುವ ಪಲ್ಪರಿನ ಬಳಿ ನಿಲ್ಲುವುದು, ದಾರಿಯಲ್ಲಿ ಸೈಕಲ್ ತುಳಿಯುವುದು ಬೇಡ.

3. ಕೊಯ್ಲಿನ ಕಾಲದ ಗಡಿಬಿಡಿಯಲ್ಲಿಯೂ ಮಗುವಿನ ನಿದ್ದೆ ಕೆಡದಂತೆ ನೋಡಿಕೊಳ್ಳಬೇಕು.

4. ಒಂದು ನೋಟ್‌ಬುಕ್ಕಿನಲ್ಲಿ ಮೂರ್ಛೆಯ ದಿನ, ವೇಳೆ, ಕೊಟ್ಟ ಔಷಧ ಇವನ್ನು ಬರೆದಿಡಬೇಕು.

5. ಶಾಲೆಯ ಮೇಷ್ಟ್ರಿಗೆ ವಿಷಯವನ್ನು ಮುಚ್ಚಿಡಬಾರದು. ತಪ್ಪಿಹೋದ ಪಾಠವನ್ನು ಮತ್ತೊಮ್ಮೆ ಹೇಳಿಕೊಡುವಂತೆಯೂ, ಶಿಕ್ಷಿಸದಂತೆಯೂ ಕೇಳಿಕೊಳ್ಳಬೇಕು. ಮೂರ್ಛೆ ನಿಂತ ಮೇಲೂ ಗಮನದ ತೊಂದರೆ ಕೆಲವರಲ್ಲಿ ಉಳಿಯುವುದುಂಟು. ಅದಕ್ಕೂ ಸಲಹೆ ಪಡೆಯಬಹುದು.

6. ಕೈಕಾಲು ಸೆಟೆದು ಬೀಳುವ ದೊಡ್ಡ ಮೂರ್ಛೆ ಬಂದರೆ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ. 5 ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಹೆಣ್ಣುಮಗುವಾದರೆ ‘ಮುಂದೆ ಮದುವೆ ಹೇಗೆ’ ಎಂಬ ಅಳುಕಿನಿಂದ ರೋಗವನ್ನು ಮುಚ್ಚಿಡುವ ಮನೆಗಳುಂಟು. ಹಿಂದೂ ವಿವಾಹ ಕಾಯಿದೆಯಲ್ಲಿ ವಿವಾಹಕ್ಕೆ ತೊಡಕಾಗಿದ್ದ ಅಪಸ್ಮಾರದ ಉಲ್ಲೇಖವನ್ನು 1999ರ ತಿದ್ದುಪಡಿಯಲ್ಲಿ ತೆಗೆದುಹಾಕಲಾಗಿದೆ. ಚಿಕ್ಕಂದಿನಲ್ಲಿ ಶುರುವಾದ ಈ ಮೂರ್ಛೆ ಬಹುಪಾಲು ಮಕ್ಕಳಲ್ಲಿ ಹರೆಯದ ಹೊತ್ತಿಗೆ ಮಾಯವಾಗುತ್ತದೆ. ಮುಚ್ಚಿಟ್ಟರೆ ಹೋಗುವುದು ಮಗುವಿನ ಓದು. ಒಮ್ಮೊಮ್ಮೆ ನೀರಿನ ಬಳಿ, ಬೆಂಕಿಯ ಬಳಿ ಅದರ ಜೀವವೇ. ನಿಮ್ಮ ಮಗು ಪದೇ ಪದೇ ಕ್ಷಣಕಾಲ ‘ಕಳೆದುಹೋಗುತ್ತಿದ್ದರೆ’ ಬೈಯುವ ಮೊದಲು ವೈದ್ಯರಿಗೆ ತೋರಿಸಿರಿ.