ಬೋರ್‌ವೆಲ್ ಬಿಟ್ಟಿನ ಬೂದು ಬಟನ್‌ಗಳು

ಬಯಲುಸೀಮೆಯ ಹೊಲಕ್ಕೆ ಬೋರ್‌ವೆಲ್ ಲಾರಿ ಬಂದು ನಿಂತರೆ ಎಲ್ಲರ ಕಣ್ಣೂ ಮೇಲೇಳುವ ಧೂಳಿನ ಮೇಲೆ: ಒದ್ದೆಯಾಯಿತೇ, ಇನ್ನೂ ಒಣಕಲೇ? ಕೆಳಗೆ ಬಂಡೆ ಒಡೆಯುತ್ತಿರುವ ವಸ್ತುವಿನತ್ತ ಗಮನ ಹೋಗುವುದೇ ಅಪರೂಪ. ಕೊಳವೆಯ ತುದಿಯ ಉಕ್ಕಿನ ಬಿಟ್ಟಿನ ಮುಖದ ತುಂಬ ಬೆರಳ ತುದಿಯ ಗಾತ್ರದ ಬೂದು ಬಟನ್‌ಗಳಿರುತ್ತವೆ. ಗ್ರಾನೈಟಿಗೆ ಎದೆಕೊಡುವುದು ಅವೇ. ಅವು ಟಂಗ್‌ಸ್ಟನ್ ಕಾರ್ಬೈಡಿನವು.

ಕಂಪ್ರೆಸರಿನ ಗಾಳಿ, ಬಿಟ್ಟಿನ ಹಿಂದೆಯೇ ಇರುವ ಹ್ಯಾಮರಿನೊಳಗಿನ ಪಿಸ್ಟನ್ನನ್ನು ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬಿಟ್ಟಿನ ಮೇಲೆ ಕುಟ್ಟಿಸುತ್ತದೆ. ಹೊಡೆತದಿಂದ ಹೊಡೆತಕ್ಕೆ ಬಿಟ್ ತುಸು ತಿರುಗುವುದರಿಂದ ಬಟನ್‌ಗಳು ಪ್ರತಿ ಸಲವೂ ಹೊಸ ಜಾಗ ಹಿಡಿಯುತ್ತವೆ. ಒಡೆದ ಕಲ್ಲಿನ ಪುಡಿಯನ್ನು ಅದೇ ಗಾಳಿ ಮೇಲಕ್ಕೆ ಊದಿ ಹಾಕುತ್ತದೆ. ಇಷ್ಟು ಪೆಟ್ಟು ತಿನ್ನುವ ವಸ್ತುವಿಗೆ ಬರೀ ಗಟ್ಟಿತನ ಸಾಲದು. ಸೀಳದೆ ತಾಳಿಕೊಳ್ಳುವ ಗುಣವೂ ಬೇಕು.

ಶುದ್ಧ ಟಂಗ್‌ಸ್ಟನ್ ಕಾರ್ಬೈಡಿಗೆ ಆ ಗುಣವಿಲ್ಲ. ಫ್ರಾನ್ಸಿನ ಆನ್ರಿ ಮೊಯಿಸಾನ್ 1890ರ ದಶಕದಲ್ಲೇ ತಮ್ಮ ವಿದ್ಯುತ್ ಕುಲುಮೆಯಲ್ಲಿ ಅದನ್ನು ತಯಾರಿಸಿದ್ದರು. ಗಟ್ಟಿಯೇನೋ ಇತ್ತು, ಆದರೆ ಪೆಟ್ಟಿಗೆ ಚೂರಾಗುತ್ತಿತ್ತು. ದಾರಿ ಸಿಕ್ಕಿದ್ದು ಬರ್ಲಿನ್‌ನ ಓಸ್ರಾಮ್ ಬಲ್ಬು ಕಂಪನಿಯಲ್ಲಿ. ಬಲ್ಬಿನ ಟಂಗ್‌ಸ್ಟನ್ ತಂತಿ ಎಳೆಯಲು ದುಬಾರಿ ವಜ್ರದ ಅಚ್ಚುಗಳು ಬೇಕಾಗುತ್ತಿದ್ದವು; ಅವಕ್ಕೆ ಬದಲಿ ಹುಡುಕುತ್ತಿದ್ದ ಕಾರ್ಲ್ ಶ್ರೋಟರ್ 1923ರಲ್ಲಿ ಕಾರ್ಬೈಡ್ ಪುಡಿಗೆ ಕೋಬಾಲ್ಟ್ ಬೆರೆಸುವ ವಿಧಾನಕ್ಕೆ ಪೇಟೆಂಟ್ ಸಲ್ಲಿಸಿದರು. ಈ ಪುಡಿಯನ್ನು ಅಚ್ಚಿನಲ್ಲಿ ಒತ್ತಿ ಸುಮಾರು 1400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ, ಕಡಲೆಬೀಜಗಳ ನಡುವೆ ಬೆಲ್ಲದ ಪಾಕ ಇಳಿಯುವಂತೆ, ದ್ರವವಾದ ಕೋಬಾಲ್ಟ್ ಕಣಗಳ ಸಂದಿಗೆ ಇಳಿದು ಎಲ್ಲವನ್ನೂ ಬಿಗಿಯುತ್ತದೆ. ಒತ್ತಿದ ಬಿಲ್ಲೆ ಪ್ರತಿ ಬದಿಯಲ್ಲೂ ಐದನೇ ಒಂದು ಭಾಗದಷ್ಟು ಕುಗ್ಗಿ ಹೊರಬರುತ್ತದೆ. ಕೋಬಾಲ್ಟ್ ಜಾಸ್ತಿ ಹಾಕಿದರೆ ಪೆಟ್ಟು ತಾಳುತ್ತದೆ, ಆದರೆ ಬೇಗ ಸವೆಯುತ್ತದೆ; ಕಡಿಮೆ ಹಾಕಿದರೆ ಸವೆತ ಕಡಿಮೆ, ಸೀಳುವ ಭಯ ಹೆಚ್ಚು. ಈ ಹದ ಹಿಡಿಯುವುದರಲ್ಲೇ ತಯಾರಕರ ಜಾಣ್ಮೆಯೆಲ್ಲ ಇದೆ.

1926ರಲ್ಲಿ ಜರ್ಮನಿಯ ಕ್ರುಪ್ ಕಂಪನಿ ಈ ಕೋಬಾಲ್ಟ್ ಬೆರೆತ ಕಾರ್ಬೈಡನ್ನು ವಿಡಿಯಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಆ ಹೆಸರಿನ ಕಾರ್ಖಾನೆ ಮುಂದೆ ಬೆಂಗಳೂರಿನ ತುಮಕೂರು ರಸ್ತೆಗೂ ಬಂತು. ಈಗ ಅದು ಕೆನ್ನಾಮೆಟಲ್. ಲೋಹ ಕಡಿಯಲು ಬಳಸುವ ಹೈಸ್ಪೀಡ್ ಉಕ್ಕು 600 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾದರೆ, ಕಾರ್ಬೈಡ್ ಅದಕ್ಕಿಂತ ನೂರಾರು ಡಿಗ್ರಿ ಹೆಚ್ಚಿನ ಬಿಸಿಯಲ್ಲೂ ಅಲಗು ಉಳಿಸಿಕೊಳ್ಳುತ್ತದೆ. ಪೀಣ್ಯದ ಸಿಎನ್‌ಸಿ ಲೇತುಗಳು ಅಷ್ಟು ವೇಗವಾಗಿ ಲೋಹ ಕಡಿಯುವುದರ ಹಿಂದೆ ಈ ಗುಣವಿದೆ. ಅಲ್ಲಿ ಬಳಸುವ ಇನ್ಸರ್ಟ್ ಎಂಬ ಕಾರ್ಬೈಡ್ ತುಂಡಿನ ಒಂದು ಮೂಲೆ ಸವೆದರೆ ತಿರುಗಿಸಿ ಇನ್ನೊಂದು ಮೂಲೆ ಹಾಕಿದರಾಯಿತು.

ಬೋರ್‌ವೆಲ್ ಬಿಟ್ಟಿಗೆ ಆ ಸೌಕರ್ಯವಿಲ್ಲ. ಗುಂಡಗಿದ್ದ ಬಟನ್‌ಗಳು ಸವೆದು ಚಪ್ಪಟೆಯಾಗುತ್ತವೆ. ರಂಧ್ರದ ಗೋಡೆಗೂ ಉಜ್ಜುವ ಅಂಚಿನ ಬಟನ್‌ಗಳಿಗೆ ಎಲ್ಲಕ್ಕಿಂತ ಹೆಚ್ಚು ಸವೆತ. ಅವು ಸವೆದಷ್ಟೂ ರಂಧ್ರ ಕೆಳಗೆ ಕಿರಿದಾಗುತ್ತದೆ, ಆಮೇಲೆ ಇಳಿಸಿದ ಹೊಸ ಬಿಟ್ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಚಪ್ಪಟೆಯಾದ ಬಟನ್‌ಗಳನ್ನು ವಜ್ರದ ಗ್ರೈಂಡರಿನಲ್ಲಿ ಉಜ್ಜಿ ಮತ್ತೆ ಗುಂಡಗೆ ಮಾಡುತ್ತಾರೆ.

ನನ್ನ ಆತಂಕವಿರುವುದು ಈ ಉಜ್ಜುವ ಕೆಲಸದ ಬಗ್ಗೆ. ಬಟನ್ನಿಗೆ ತಾಳಿಕೆ ಕೊಟ್ಟ ಕೋಬಾಲ್ಟ್, ಕಾರ್ಬೈಡಿನ ಜೊತೆ ನುಣುಪು ಧೂಳಾಗಿ ಶ್ವಾಸಕೋಶ ಸೇರಿದರೆ ಉಬ್ಬಸ ತರಬಹುದು. ಕೆಲವರಲ್ಲಿ ಶ್ವಾಸಕೋಶವೇ ಗಡುಸಾಗಿ ಉಸಿರಾಟ ಶಾಶ್ವತವಾಗಿ ಕುಂದಬಹುದು. ಒಣ ಗ್ರೈಂಡಿಂಗ್ ಮಾಡಿಸಬೇಡಿ. ನೀರು ಹಾಯಿಸಿ ಉಜ್ಜಿಸಿ, ಧೂಳು ಎಳೆಯುವ ಫ್ಯಾನ್ ಇರಲಿ, ಮುಖಕ್ಕೆ ಕಟ್ಟಿದ ಟವೆಲನ್ನು ನಂಬದೆ ಕೆಲಸಗಾರರಿಗೆ ಸರಿಯಾದ ಮಾಸ್ಕ್ ಕೊಡಿ.